ಸಹಿ ಹಾಕಿದ ಗಂಟೆಗಳು ಸೇವೆಯೇ?

ನಮ್ಮ ದೇವಸ್ಥಾನದಲ್ಲಿ ಹಬ್ಬದ ಊಟ ಮುಗಿಯುತ್ತಿದ್ದಂತೆ ಹೈಸ್ಕೂಲಿನ ಒಂದಿಷ್ಟು ಮಕ್ಕಳು ಕೈಯಲ್ಲಿ ಹಾಳೆ ಹಿಡಿದು ಬರುತ್ತಾರೆ. "ಅಂಕಲ್, ನಾಲ್ಕು ಗಂಟೆ ಅಂತ ಸೈನ್ ಮಾಡ್ತೀರಾ?" ಇದನ್ನು ಕಂಡಾಗಲೆಲ್ಲ ಹಿರಿಯರಲ್ಲಿ ಯಾರಾದರೊಬ್ಬರು "ಸೇವೆಗೂ ರಶೀದಿ ಕೇಳೋ ಕಾಲ ಬಂತಲ್ಲಪ್ಪ!" ಎಂದು ನಿಟ್ಟುಸಿರು ಬಿಡುತ್ತಾರೆ. (ಅದೇ ಹಿರಿಯರು ಡಿಸೆಂಬರ್ ಕೊನೆಯಲ್ಲಿ ತಮ್ಮ ದೇಣಿಗೆಗೆ ತೆರಿಗೆ ರಶೀದಿ ಕೇಳುವುದನ್ನೂ ನೋಡಿದ್ದೇನೆ. ಇರಲಿ, ಅದು ಬೇರೆ ಮಾತು!)

ಪ್ರತಿಫಲ ಬಯಸಿ ಮಾಡಿದ ಕೆಲಸ ಸೇವೆ ಎನಿಸಿಕೊಳ್ಳುತ್ತದೆಯೇ? ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ದಾನವನ್ನು ಮೂರು ಬಗೆಯಾಗಿ ವಿಂಗಡಿಸಲಾಗಿದೆ. ಮರಳಿ ಏನನ್ನಾದರೂ ನಿರೀಕ್ಷಿಸಿ ಕೊಟ್ಟದ್ದು ರಾಜಸ. ಆ ಲೆಕ್ಕದಲ್ಲಿ ಕಾಲೇಜು ಅರ್ಜಿಗಾಗಿ ಎಲೆ ಎತ್ತುವುದು ರಾಜಸವೇ ಸರಿ. ಆದರೆ ಈ ಲೆಕ್ಕ ಇಟ್ಟವರು ಮಕ್ಕಳಲ್ಲ, ನಾವು ದೊಡ್ಡವರು. ಮೇರಿಲ್ಯಾಂಡ್ ರಾಜ್ಯ 1992ರಲ್ಲೇ ಹೈಸ್ಕೂಲು ಮುಗಿಸಲು 75 ಗಂಟೆಗಳ ಸಮಾಜಸೇವೆಯನ್ನು ಕಡ್ಡಾಯ ಮಾಡಿತು. ನಮ್ಮೂರಿನಲ್ಲೇನು ಬೇರೆಯೇ? ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ ಶುರುವಾದ ಎನ್‌ಎಸ್‌ಎಸ್‌ನಲ್ಲೂ ಎರಡು ವರ್ಷಕ್ಕೆ 240 ಗಂಟೆ, ಏಳು ದಿನದ ಶಿಬಿರ, ಕೊನೆಗೊಂದು ಪ್ರಮಾಣಪತ್ರ!

ನನ್ನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಆ ಪ್ರಮಾಣಪತ್ರಕ್ಕಾಗಿಯೇ ಸೇರಿದ ಗೆಳೆಯರು ಬಹಳ ಮಂದಿ ಇದ್ದರು. ಅವರಲ್ಲಿ ಕೆಲವರು ಶಿಬಿರದಿಂದ ಹೋದ ಹಾಗೆಯೇ ವಾಪಸು ಬಂದರು. ಕೆಲವರು ಮಾತ್ರ ಬೇರೆಯವರಾಗಿ ಬಂದರು. ಹೋಗುವಾಗ ಎಲ್ಲರ ಮನಸ್ಸಿನಲ್ಲಿದ್ದ ಆಸೆ ಒಂದೇ. ಹಾಗಾದರೆ ವ್ಯತ್ಯಾಸ ಎಲ್ಲಿಂದ ಬಂತು? ಫೋಟೋಗೆ ನಿಂತು ಸಸಿ ನೆಟ್ಟವರು ಅಲ್ಲಿಗೇ ಮರೆತರು. ಮನೆಮನೆಗೆ ಹೋಗಿ ಕುಡಿಯುವ ನೀರಿನ ತೊಂದರೆ ಬರೆದುಕೊಂಡು ಬಂದವರಿಗೆ ಮಾರನೆಯ ದಿನ ಅದೇ ಬೀದಿಯಲ್ಲಿ ಅಜ್ಜಿಯೊಬ್ಬರು ಅಡ್ಡ ನಿಂತು "ಏನಾಯ್ತಪ್ಪ?" ಎಂದು ಕೇಳುತ್ತಿದ್ದರು. ಅವರಿಗೆ ಉತ್ತರ ಹೇಳಬೇಕಿತ್ತಲ್ಲ! ಆದ್ದರಿಂದ ಬಾಗಿಲಲ್ಲೇ ನಿಂತು ಮಕ್ಕಳ ಉದ್ದೇಶ ಶುದ್ಧವೋ ಅಶುದ್ಧವೋ ಎಂದು ಪರೀಕ್ಷಿಸುವುದು ನನಗೆ ವ್ಯರ್ಥವೆನಿಸುತ್ತದೆ. ಉದ್ದೇಶ ಒಳಗೆ ಬಂದ ಮೇಲೂ ಬದಲಾಗುತ್ತದೆ, ಕಾಯುವವರು ಯಾರಾದರೂ ಇದ್ದರೆ.

ನಿಜವಾದ ಚಿಂತೆ ಹಾಳೆ ತುಂಬಿದ ಮೇಲಿನದು. ಹದಿನೆಂಟರಿಂದ ಮೂವತ್ತರವರೆಗಿನವರು ನಮ್ಮ ಕಾರ್ಯಕ್ರಮಗಳಲ್ಲಿ ಕಾಣುವುದೇ ಇಲ್ಲ. "ಸಂಸ್ಕಾರ ಸಾಲದು" ಎನ್ನುವುದು ನಮ್ಮ ಸಿದ್ಧ ಉತ್ತರ. ಆದರೆ ನಮ್ಮವರದೇ ಮಕ್ಕಳು ಫೆಬ್ರವರಿ, ಮಾರ್ಚ್ ತಿಂಗಳ ಶನಿವಾರಗಳಲ್ಲಿ ಊರಿನ ಲೈಬ್ರರಿಯಲ್ಲಿ ಕೂತು ಕಡಿಮೆ ಆದಾಯದವರ ಟ್ಯಾಕ್ಸ್ ರಿಟರ್ನ್ ತುಂಬಿಕೊಡುವುದನ್ನು ಕಂಡಿದ್ದೇನೆ. ವೀಟಾ ಎಂಬ ಆ ಉಚಿತ ಕಾರ್ಯಕ್ರಮಕ್ಕೆ ಸೇರಲು ಐಆರ್‌ಎಸ್‌ನ ಪರೀಕ್ಷೆ ಪಾಸಾಗಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಕಾಗದ ತುಂಬಿಕೊಂಡು ಬಂದ ಒಬ್ಬ ತಾಯಿಯ ರಿಫಂಡ್ ಇಪ್ಪತ್ತೆರಡು ವರ್ಷದ ಹುಡುಗನ ಕೈಯಲ್ಲಿರುತ್ತದೆ. ಅಲ್ಲಿ ಯಾರೂ ಅವನ ಸಂಸ್ಕಾರ ವಿಚಾರಿಸುವುದಿಲ್ಲ. ತಪ್ಪಿಲ್ಲದೆ ತುಂಬಿದೆಯಾ ಎಂದಷ್ಟೇ ಕೇಳುತ್ತಾರೆ.

ಕರ್ನಾಟಕದಲ್ಲೇ ಇದಕ್ಕಿಂತ ದೊಡ್ಡ ಉದಾಹರಣೆಯಿದೆ. 1984ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಆರ್. ಬಾಲಸುಬ್ರಹ್ಮಣ್ಯಂ ತಮ್ಮ ಗೆಳೆಯರೊಂದಿಗೆ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಆರಂಭಿಸಿದರು. ಎಲ್ಲರೂ ಇಪ್ಪತ್ತರ ಆಸುಪಾಸಿನವರು. ಮೊದಮೊದಲು ಮಾಡಿದ್ದು ಸಣ್ಣ ಕೆಲಸಗಳು: ವೈದ್ಯರಿಗೆ ಬರುವ ಔಷಧಿಯ ಸ್ಯಾಂಪಲ್ ಕೂಡಿಸಿ ಬಡ ರೋಗಿಗಳಿಗೆ ಕೊಡುವುದು, ರಕ್ತದಾನ ಶಿಬಿರ ನಡೆಸುವುದು. ಮುಂದೆ ಹೆಗ್ಗಡದೇವನಕೋಟೆ ತಾಲ್ಲೂಕಿಗೆ ಹೋಗಿ, ಕಾಡಿನಿಂದ ಹೊರಬಿದ್ದ ಜೇನುಕುರುಬರಂಥವರ ನಡುವೆ ನೆಲೆಸಿದರು. ಸರಗೂರಿನ ಆಸ್ಪತ್ರೆ, ಹೊಸಹಳ್ಳಿಯ ಶಾಲೆ ಹೀಗೆ ಬಂದವು. ಇವರಿಗೆ "ಮೊದಲು ಹತ್ತು ವರ್ಷ ಕುರ್ಚಿ ಜೋಡಿಸಿ, ಆಮೇಲೆ ನೋಡೋಣ" ಎಂದು ಹೇಳುವ ಸಮಿತಿಯೊಂದು ಇದ್ದಿದ್ದರೆ?

ಕುರ್ಚಿ ಜೋಡಿಸುವುದು ಕೀಳೆಂದು ನಾನು ಹೇಳುತ್ತಿಲ್ಲ. ಅಡಿಗೆಮನೆಯಲ್ಲಿ ಮೌನವಾಗಿ ತರಕಾರಿ ಹೆಚ್ಚುವ ನಮ್ಮ ಹಿರಿಯ ಅಮ್ಮಂದಿರನ್ನು ಕಂಡರೆ ಕೈ ಮುಗಿಯಬೇಕೆನಿಸುತ್ತದೆ. ಆದರೆ ಅವರು ಅದನ್ನು ತಾವಾಗಿ ಆರಿಸಿಕೊಂಡವರು. ಏನು ಅಡಿಗೆ, ಎಷ್ಟು ಜನಕ್ಕೆ ಎನ್ನುವುದೂ ಅವರದೇ ತೀರ್ಮಾನ. ನಮ್ಮ ಸಾಫ್ಟ್‌ವೇರ್ ಲೋಕದಲ್ಲಿ ಹೊಸದಾಗಿ ಸೇರಿದವನಿಗೂ ಕೆಲವೇ ತಿಂಗಳಲ್ಲಿ ಪೇಜರ್ ಕೊಡುತ್ತೇವೆ. ರಾತ್ರಿ ಎರಡು ಗಂಟೆಗೆ ಅದು ಕೂಗಿ ಎಬ್ಬಿಸಿದ ಮೇಲೆಯೇ ಆ ಕೋಡ್ ತನ್ನದು ಎಂದು ಅವನಿಗೆ ಅನಿಸುವುದು. ಹಗಲೆಲ್ಲ ಅಂಥ ಜವಾಬ್ದಾರಿ ಹೊರುವ ಹುಡುಗಿ ಶನಿವಾರ ದೇವಸ್ಥಾನಕ್ಕೆ ಬಂದರೆ ನಾವು ನೀರಿನ ಬಾಟಲಿ ಹಂಚಲು ಹೇಳುತ್ತೇವೆ!

ನಿಷ್ಕಾಮ ಕರ್ಮದ ಆ ಪ್ರಸಿದ್ಧ ಶ್ಲೋಕವನ್ನು ನಾವೆಲ್ಲ ಉದಾಹರಿಸುತ್ತೇವೆ. ಅದರಲ್ಲಿ ಫಲದ ಮಾತಿಗಿಂತ ಮೊದಲು ಬರುವುದು ಅಧಿಕಾರ ಎಂಬ ಪದ, ಅಂದರೆ ಕರ್ಮದಲ್ಲಿ ಅಧಿಕಾರ. ಯುವಕರಿಗೆ ಫಲದ ಆಸೆ ಬೇಡ ಎನ್ನುವ ನಾವು ಈ ಅಧಿಕಾರವನ್ನು ಮಾತ್ರ ಕೊಡುವುದಿಲ್ಲ.

ನಮ್ಮಲ್ಲಿ ನಡೆಯುವ ಡಬ್ಬಿ ಆಹಾರ ಸಂಗ್ರಹವನ್ನೇ ನೋಡಿ. ಫುಡ್ ಬ್ಯಾಂಕಿಗೆ ಡಬ್ಬಿಗಳಿಗಿಂತ ಹಣ ಹೆಚ್ಚು ಉಪಯುಕ್ತ. ಅವರು ಸಗಟು ದರದಲ್ಲಿ ಕೊಳ್ಳುತ್ತಾರೆ, ಬೇಕಾದ್ದನ್ನೇ ಕೊಳ್ಳುತ್ತಾರೆ. ಒಬ್ಬ ಕಾಲೇಜು ಹುಡುಗ ಅಲ್ಲಿಗೆ ಫೋನ್ ಮಾಡಿ ತಿಳಿದುಕೊಂಡು ಬಂದು ಇದನ್ನು ಹೇಳಿದ. "ಡಬ್ಬಿಗಳ ಮುಂದೆ ಫೋಟೋ ಚೆನ್ನಾಗಿ ಬರುತ್ತಪ್ಪ" ಎಂಬ ಉತ್ತರ ಸಿಕ್ಕಿತು. ಅವನು ಮತ್ತೆ ಬರಲಿಲ್ಲ. ಅವನನ್ನು ಹೇಗೆ ದೂರಲಿ?

ಒಪ್ಪುತ್ತೇನೆ, ಅಪಾಯವಿದೆ. ಈ ವಯಸ್ಸಿನವರು ಕೆಲಸ ಸಿಕ್ಕರೆ ಊರು ಬಿಡುತ್ತಾರೆ, ಕೈಗೆತ್ತಿಕೊಂಡದ್ದು ಅರ್ಧಕ್ಕೆ ನಿಲ್ಲಬಹುದು, ಹಣ ಪೋಲಾಗಬಹುದು. ಆ ಹಣ ಯಾರದೋ ಬೆವರಿನದು, ಅದನ್ನು ಲಘುವಾಗಿ ನೋಡಲು ಸಾಧ್ಯವಿಲ್ಲ. ಆದರೂ ಹದಿನೆಂಟು ತುಂಬಿದ ಇಬ್ಬರಿಗೆ ನಮ್ಮ ಮಂಡಳಿಯಲ್ಲಿ ಮತ ಕೊಡಬಹುದಲ್ಲವೇ? ನಾಲ್ಕೈದು ಮಂದಿ ಯುವಕರಿಗೆ ಒಂದು ವರ್ಷದ ಮಟ್ಟಿಗೆ ಒಂದು ಮೊತ್ತ ಕೊಟ್ಟು, ಯಾವ ಕೆಲಸಕ್ಕೆ ಎಂದು ಅವರೇ ತೀರ್ಮಾನಿಸಲಿ, ಲೆಕ್ಕವನ್ನು ವಾರ್ಷಿಕ ಸಭೆಯಲ್ಲಿ ಅವರೇ ಒಪ್ಪಿಸಲಿ. ಈ ಸಲದ ಸಭೆಯಲ್ಲಿ ಇದನ್ನು ಎತ್ತಬೇಕೆಂದಿದ್ದೇನೆ. ಯೋಜನೆಗೆ ಎಲ್ಲರೂ ತಲೆಯಾಡಿಸುತ್ತಾರೆ, ಗೊತ್ತು. ಮೊತ್ತ ಎಷ್ಟು ಎಂದಾಗ ಶುರುವಾಗುತ್ತದೆ ಜಗಳ!