ಮೂರು ಸುತ್ತು



ನಮ್ಮ ಮನೆಯಲ್ಲೊಂದು ಬೀದಿನಾಯಿ ಸೇರಿಕೊಂಡಿದೆ. ಮಗಳು ಇಟ್ಟ ಹೆಸರು ಗುಂಡ. ರಾತ್ರಿ ಜಗುಲಿಯಲ್ಲಿ ಗೋಣಿಚೀಲ ಹಾಸಿಕೊಟ್ಟರೆ ಅದು ಸುಮ್ಮನೆ ಮಲಗುವುದಿಲ್ಲ. ಮುಂಗಾಲಿನಿಂದ ಚೀಲ ಕೆರೆದು, ಮೂರು ಸುತ್ತು ಸುತ್ತಿ, ಆಮೇಲೆ ಮುದುಡಿಕೊಳ್ಳುತ್ತದೆ. ಹೊಟ್ಟೆ ತುಂಬಿದ ದಿನ ಮಿಕ್ಕ ರೊಟ್ಟಿಯನ್ನು ದಾಸವಾಳದ ಬುಡದಲ್ಲಿ ಹೂತು, ಮೂತಿಯಿಂದ ಮಣ್ಣು ಮುಚ್ಚುತ್ತದೆ.

ಹುಚ್ಚು ನಾಯಿ ಎಂದು ನಗುತ್ತಿದ್ದೆವು. ಆದರೆ ಪ್ರತಿಯೊಂದಕ್ಕೂ ಕಾರಣವಿದೆ. ಇಂದು ಸಿಕ್ಕಿದ ಬೇಟೆ ನಾಳೆ ಸಿಗದೇ ಹೋಗಬಹುದೆಂದು ಕಾಡಿನ ಪೂರ್ವಜರು ಮಿಕ್ಕದ್ದನ್ನು ಹೂತಿಡುತ್ತಿದ್ದವು. ಹುಲ್ಲು ತುಳಿದು ಹಾಸಿಗೆ ಮಾಡಿಕೊಳ್ಳಲು, ಹುಳಹುಪ್ಪಟೆ ಓಡಿಸಲು ಸುತ್ತುತ್ತಿದ್ದವು ಎಂದು ಬಲ್ಲವರು ಹೇಳುತ್ತಾರೆ. ನಾಯಿ ಮನುಷ್ಯನ ಜೊತೆ ಸೇರಿ ಕಡಿಮೆಯೆಂದರೂ 14,000 ವರ್ಷವಾಯಿತು. ಜಗುಲಿಯಲ್ಲಿ ಹುಲ್ಲೂ ಇಲ್ಲ, ಹಾವೂ ಇಲ್ಲ. ಆದರೂ ಸುತ್ತು ನಿಂತಿಲ್ಲ.

ಕಳೆದ ಗುರುವಾರ ಏಳನೇ ತರಗತಿಯ ಹುಡುಗನೊಬ್ಬ ಪ್ರಾರ್ಥನೆ ಮುಗಿದ ಮೇಲೆ ಬಂದ. ಆ ವಾರದಲ್ಲಿ ಮೂರನೇ ಸಲ. ಕಾರಣ ಕೇಳಲಿಲ್ಲ. "ಇಷ್ಟೊತ್ತಿಗಾ ಬರೋದು? ಹೊರಗೆ ನಿಂತ್ಕೋ!" ಎಂದು ಕಿರುಚಿದೆ. ಕಿರುಚಿದ ಮೇಲೆ ಗೊತ್ತಾಯಿತು, ಆ ದನಿ ನನ್ನದಲ್ಲ. ನಾನು ಅವನ ವಯಸ್ಸಿನವಳಿದ್ದಾಗ ನನ್ನನ್ನು ಬಾಗಿಲಾಚೆ ನಿಲ್ಲಿಸಿದ್ದ ಮೇಷ್ಟ್ರದು. ಆ ದಿನ ಎಷ್ಟು ಅತ್ತಿದ್ದೆನೋ, ಅದೇ ಮಾತನ್ನು ಅದೇ ಏರುದನಿಯಲ್ಲಿ ಈ ಮಗುವಿಗೆ ದಾಟಿಸಿದ್ದೆ.

ಮಧ್ಯಾಹ್ನ ಕರೆದು ಕೇಳಿದೆ. "ಅಮ್ಮ ಬೆಳಿಗ್ಗೇನೇ ಕೂಲಿಗೆ ಹೋಗ್ತಾಳೆ ಮಿಸ್. ತಂಗೀನ ಅಂಗನವಾಡಿಗೆ ಬಿಟ್ಟು ಬರ್ಬೇಕು" ಎಂದ. ತಪ್ಪಾಯಿತು ಮಗಾ ಎಂದೆ. ಅವನು ತಲೆ ಎತ್ತಲಿಲ್ಲ.

ಸಂಯುತ್ತ ನಿಕಾಯದ ಗದ್ದುಲಬದ್ಧ ಸುತ್ತದಲ್ಲಿ ಭಗವಾನರು ಕಂಬಕ್ಕೆ ಕಟ್ಟಿದ ನಾಯಿಯ ಉಪಮೆ ಕೊಡುತ್ತಾರೆ. ಅದು ಎಷ್ಟು ಓಡಿದರೂ ಆ ಕಂಬದ ಸುತ್ತಲೇ ಓಡುತ್ತದೆ. ಧಮ್ಮ ಕೇಳದ ಮನುಷ್ಯನೂ ರೂಪ, ವೇದನೆ, ಸಂಜ್ಞೆ, ಸಂಸ್ಕಾರ, ವಿಜ್ಞಾನಗಳನ್ನು 'ನಾನು' ಎಂದುಕೊಂಡು ಅವುಗಳನ್ನೇ ಸುತ್ತುತ್ತಾನೆ. ಈ ಸುತ್ತವನ್ನು ನಾನು ಬಳಗದಲ್ಲಿ ಎರಡು ಬಾರಿ ಓದಿ ವಿವರಿಸಿದ್ದೇನೆ. ನನ್ನ ಕುತ್ತಿಗೆಯ ಹಗ್ಗ ಕಂಡದ್ದು ಮಾತ್ರ ಗುರುವಾರ.

ಗುಂಡನ ಸುತ್ತಿನಿಂದ ಯಾರಿಗೂ ನೋವಿಲ್ಲ. ಅದನ್ನು ಗದರಿಸಬೇಕಾಗಿಲ್ಲ. ನನ್ನ ಸುತ್ತಿನಿಂದ ಒಂದು ಮಗು ತಲೆ ತಗ್ಗಿಸಿತು. ನಾಯಿಗಿಲ್ಲದ ಒಂದು ಅವಕಾಶ ನಮಗಿದೆ: ಸುತ್ತುತ್ತಿರುವಾಗಲೇ 'ಇದು ಹಳೆಯ ಸುತ್ತು' ಎಂದು ಗುರುತಿಸುವುದು. ಅದೇ ಸತಿ. ಆ ಮೇಷ್ಟ್ರೂ ಯಾವ ಕಂಬಕ್ಕೆ ಕಟ್ಟಿಸಿಕೊಂಡಿದ್ದರೋ ಎಂದು ಈಗ ಅನಿಸುತ್ತದೆ. ಸಿಟ್ಟು ಸ್ವಲ್ಪ ಇಳಿದಿದೆ.

ನಿನ್ನೆಯೂ ತರಗತಿಯಲ್ಲಿ ದನಿ ಏರಿತು. ಆದರೆ ಮಾತಿನ ನಡುವೆಯೇ ಗೊತ್ತಾಯಿತು, ನಿಲ್ಲಿಸಿದೆ. ಮೂರು ಸುತ್ತಿನಲ್ಲಿ ಒಂದು ಉಳಿಯಿತು.

ಇಂದಿನ ಅಭ್ಯಾಸ: ಇವತ್ತು ಸಿಟ್ಟು ಬಂದಾಗ, ಮಾತಾಡುವ ಮುನ್ನ ಒಂದು ಉಸಿರು ತೆಗೆದುಕೊಂಡು ಕೇಳಿಕೊಳ್ಳೋಣ. ಇಲ್ಲಿ ನಿಜವಾಗಿ ಹಾವಿದೆಯೇ? ಆಮೇಲೆ ಎದುರಿನವರನ್ನೂ ಒಂದು ಮಾತು ಕೇಳೋಣ: ಏನಾಯಿತು?

ಭವತು ಸಬ್ಬ ಮಂಗಲಂ. 🙏