ಒಳಗಿನ ಬಿಸಿ

ಬಿಸಿಲಿನ ವಿಷಯದಲ್ಲಿ ನಮ್ಮ ಕಡೆಯ ಜನಕ್ಕೆ ಯಾರೂ ಪಾಠ ಹೇಳಬೇಕಾಗಿಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಈ ಐದು ಊರುಗಳಲ್ಲಿ ಮಾಸ್ತರಿಕೆ ಮಾಡಿ ಮೂವತ್ತು ವರ್ಷ ಕಳೆದವನು ನಾನು. ವೈಶಾಖದ ಮಧ್ಯಾಹ್ನ ಅಂಗಳದ ಫರಸಿಯ ಮೇಲೆ ಬರಿಗಾಲಿಟ್ಟರೆ ಸಾಕು, ಉಷ್ಣಮಾಪಕದ ಹಂಗಿಲ್ಲ. ಆದರೆ ಹೊರಗಿನ ಬಿಸಿಯನ್ನು ಬಲ್ಲವನು ಒಳಗಿನ ಬಿಸಿಯನ್ನೂ ಬಲ್ಲನೇ? ಜೀವಕೋಶದ ಶಾಖವನ್ನು ಅಳೆಯುವವರ ಸಂಗತಿಯನ್ನು ಈಚೆಗೆ ಓದಿದಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ನಮ್ಮ ದೇಹದ ಒಂದು ಕೋಶವೆಂದರೆ ಸುಮಾರಾಗಿ ಮಿಲಿಮೀಟರಿನ ನೂರರಲ್ಲೊಂದು ಪಾಲು. ಅದರೊಳಗೆ ಪಾದರಸದ ಕಡ್ಡಿಯನ್ನು ತೂರಿಸುವುದುಂಟೇ? ವಿಜ್ಞಾನಿಗಳು ಬೇರೊಂದು ಉಪಾಯ ಹೂಡಿದ್ದಾರೆ. ಒಂದು ಬಣ್ಣದ ಬೆಳಕು ಬಿದ್ದರೆ ಇನ್ನೊಂದು ಬಣ್ಣದ ಬೆಳಕನ್ನು ಮರಳಿ ಸೂಸುವ ಅಣುಗಳುಂಟು. ಈ ಗುಣಕ್ಕೆ ಪ್ರತಿದೀಪ್ತಿಯೆಂದು ಹೆಸರು. ಶಾಖ ಏರಿಳಿದಂತೆ ಅವುಗಳಲ್ಲಿ ಕೆಲವುಗಳ ಕಾಂತಿಯೋ, ಕಾಂತಿ ಉಳಿಯುವ ಅವಧಿಯೋ ಬದಲಾಗುತ್ತದೆ. ಅಂಥವನ್ನು ಕೋಶದೊಳಕ್ಕೆ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುವುದು, ಬೆಳಕಿನಿಂದ ಬಿಸಿಯನ್ನು ಓದುವುದು.

ಈ ವಿದ್ಯೆ ನನಗೆ ತೀರ ಅಪರಿಚಿತವೆನಿಸಲಿಲ್ಲ. ವಾಡಿಯಲ್ಲಿದ್ದಾಗ ನೆರೆಮನೆಯ ಹಿರಿಯರೊಬ್ಬರು ಸಿಮೆಂಟಿನ ಭಟ್ಟಿಯ ಮುಂದೆ ದುಡಿಯುತ್ತಿದ್ದರು. ಸುಣ್ಣಕಲ್ಲು ಸುಮಾರು ೧೪೫೦ ಡಿಗ್ರಿಯಲ್ಲಿ ಬೇಯುವ ಆ ಭಟ್ಟಿಯನ್ನು ಕಂಡಿಯಿಂದ, ನೀಲಿ ಗಾಜು ಹಿಡಿದು ನೋಡಿ, ಬೆಂಕಿಯ ಬಣ್ಣದಿಂದಲೇ ಅವರು ಹದ ಹೇಳುತ್ತಿದ್ದರು. ಒಮ್ಮೆ ನನಗೊಂದು ಮಾತು ಹೇಳಿದರು: “ಧೂಳ ಎದ್ದಾಗ ಕಣ್ಣ ನಂಬಬ್ಯಾಡ್ರಿ ಮಾಸ್ತರ. ಒಳಗ ಬೆಂಕಿ ಇದ್ದಂಗ ಇರ್ತದ, ನಮಗ ಮಂಕ ಕಾಣ್ತದ.”

ಕೋಶದ ಸಂಶೋಧಕರಿಗೂ ಇದೇ ಧೂಳಿನ ಕಾಟ. ೨೦೧೨ರಲ್ಲಿ ಜಪಾನಿನ ಕೋಕಿ ಒಕಾಬೆ ಮತ್ತು ಸಂಗಡಿಗರು, ಕೋಶದ ನಡುವಿನ ಬೀಜಕೇಂದ್ರವು ಅದರ ಸುತ್ತಣ ರಸಕ್ಕಿಂತ ಸುಮಾರು ಒಂದು ಡಿಗ್ರಿ ಬಿಸಿಯೆಂದು ಪ್ರಕಟಿಸಿದರು. ೨೦೧೪ರಲ್ಲಿ ಫ್ರಾನ್ಸಿನ ಗಿಯೋಮ್ ಬಫೂ ಮೊದಲಾದವರು ಲೆಕ್ಕ ಹಾಕಿ ಕೇಳಿದರು: ಒಂದು ಕೋಶ ಹುಟ್ಟಿಸುವ ಶಾಖವೇ ಅತ್ಯಲ್ಪ, ಹುಟ್ಟಿದ್ದೂ ಸುತ್ತಲಿನ ನೀರಿಗೆ ಹರಿದು ಹೋಗುತ್ತದೆ, ಡಿಗ್ರಿಯ ಲಕ್ಷದಲ್ಲೊಂದು ಪಾಲಿನಷ್ಟು ವ್ಯತ್ಯಾಸವೂ ಉಳಿಯುವುದು ಕಷ್ಟ, ಹಾಗಾದರೆ ಒಂದು ಡಿಗ್ರಿ ಎಲ್ಲಿಂದ ಬಂತು? ೨೦೧೮ರಲ್ಲಿ ಫ್ರಾನ್ಸಿನದೇ ಇನ್ನೊಂದು ತಂಡ, ಕೋಶದ ಒಲೆಗಳಂತಿರುವ ಮೈಟೊಕಾಂಡ್ರಿಯಗಳು ೫೦ ಡಿಗ್ರಿಯ ಸಮೀಪಕ್ಕೇರುತ್ತವೆಂದಿತು. ವಾದ ಇನ್ನೂ ಮುಗಿದಿಲ್ಲ. ತೊಡಕಿರುವುದು ಇಲ್ಲಿ: ಇಂಥ ಅಣುಗಳ ಬೆಳಕು ಅನೇಕ ವೇಳೆ ಶಾಖವೊಂದಕ್ಕೇ ಮಣಿಯುವುದಲ್ಲ, ಕೋಶರಸದ ಹುಳಿ, ಉಪ್ಪು, ಮಂದತೆ ಬದಲಾದರೂ ಮಣಿಯಬಹುದು. ಕಾಣುವ ಗುರುತು ಒಂದು, ಕಾರಣ ನಾಲ್ಕು.

ಇದನ್ನೋದಿದಾಗ ನನಗೆ ನೆನಪಾದದ್ದು ಚಿಂಚೋಳಿಯ ಕಡೆಯ ಒಂದು ತಾಂಡಾದ ಹುಡುಗ. ಬೇಸಗೆಯ ಪರೀಕ್ಷೆ, ನಾನು ಮೇಲ್ವಿಚಾರಕ. ಅವನ ಬೆಂಚಿನ ಕೆಳಗೆ ನಕಲು ಚೀಟಿಯೊಂದು ಬಿದ್ದಿತ್ತು. ನೋಡಿದೆ: ಮುಖ ಕೆಂಪು, ಕೈ ನಡುಕ, ಕಣ್ಣು ನೆಲಕ್ಕೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂದು ತೀರ್ಮಾನಿಸಿ ಉತ್ತರಪತ್ರಿಕೆ ಕಸಿದುಕೊಂಡೆ. “ಜರ ಬಂದದರಿ ಸರ್” ಎಂದ. ಎಲ್ಲ ಕಳ್ಳರಿಗೂ ಜ್ವರ ಬರುತ್ತದೆ ಎಂದು ನಗೆಯಾಡಿ ಹೊರಗೆ ಕಳಿಸಿದೆ. ಮರುದಿನ ಚೀಟಿಯ ಬರಹ ಅವನದಲ್ಲವೆಂದು ತಿಳಿಯಿತು. ಮೂರು ದಿನದ ಜ್ವರದಲ್ಲೇ ನಡೆದು ಬಂದಿದ್ದನೆಂದೂ ತಿಳಿಯಿತು. ಹೇಳಿಕಳಿಸಿದೆ. ಅವನು ಮತ್ತೆ ಶಾಲೆಗೆ ಬರಲಿಲ್ಲ.

ಅವನೊಳಗೆ ಇದ್ದದ್ದು ಬರಿಯ ಬಿಸಿ. ನಾನು ಅದನ್ನು ಪಾಪವೆಂದು ಓದಿದೆ. ಅಂದು ಸೆಕೆಯಲ್ಲಿ ಬೆಂದು ನನಗೆ ಸಿಟ್ಟೇರಿತ್ತು. ಭಟ್ಟಿಯ ಧೂಳು ಭಟ್ಟಿಯಲ್ಲಿರಲಿಲ್ಲ, ನನ್ನ ಕಣ್ಣಿನಲ್ಲಿತ್ತು.

ಹೀಗೆಂದು, ಪರರ ಅಂತರಂಗ ಅಗಮ್ಯ, ಯಾರೂ ಯಾರ ವಿಷಯದಲ್ಲೂ ತೀರ್ಪು ಹೇಳಬಾರದು ಎನ್ನುವ ವೈರಾಗ್ಯ ನನಗೆ ಒಪ್ಪಿತವಲ್ಲ. ಅದು ಸೋಮಾರಿಯ ಸದ್ಗುಣ. ಮಾಸ್ತರನಾದವನು ನಕಲನ್ನು ತಡೆಯಲೇಬೇಕು. ವೈದ್ಯನಾದವನು ರೋಗವನ್ನು ಊಹಿಸಲೇಬೇಕು. ವಿಜ್ಞಾನಿಗಳೂ ಅಳೆಯುವುದನ್ನು ಬಿಟ್ಟಿಲ್ಲ. ಆದರೆ ಅವರಲ್ಲಿ ಒಂದು ಶಿಷ್ಟಾಚಾರವಿದೆ: ಕೋಶವನ್ನು ಪರೀಕ್ಷಿಸುವ ಮುನ್ನ ತಮ್ಮ ಸಾಧನವನ್ನು ಪರೀಕ್ಷಿಸುತ್ತಾರೆ; ಹುಳಿಯಲ್ಲಿ, ಉಪ್ಪಿನಲ್ಲಿ ಅದು ಹೇಗೆ ವರ್ತಿಸುವುದೆಂದು ನೋಡುತ್ತಾರೆ; ಒಂದು ಸಾಧನದ ಮಾತನ್ನು ಮತ್ತೊಂದರಿಂದ ಒರೆಗೆ ಹಚ್ಚುತ್ತಾರೆ; ಎದುರಾಳಿ ಲೆಕ್ಕ ಕೇಳಿದರೆ ಲೆಕ್ಕ ಕೊಡುತ್ತಾರೆ. ಒಂದು ಕೋಶಕ್ಕೆ ಸಲ್ಲುವ ಈ ಮರ್ಯಾದೆ ಒಬ್ಬ ಹುಡುಗನಿಗೆ ನನ್ನಿಂದ ಸಲ್ಲಲಿಲ್ಲ.

ನನಗೆ ಬೇಕಾಗಿದ್ದ ಎರಡನೆಯ ಸಾಧನವಾದರೂ ದೊಡ್ಡದಲ್ಲ. ಬೆಂಚಿನ ತನಕ ಬಂದಿದ್ದವನು ಅವನ ಹಣೆಯನ್ನೊಮ್ಮೆ ಮುಟ್ಟಿ ನೋಡಿದ್ದರೆ ಸಾಕಿತ್ತು.