ಸಮವೂ ಸರಿಯೂ

ದೀಪಾವಳಿ ಅಮಾವಾಸ್ಯೆಗೆ ಹುಲಜಂತಿಗೆ ಹೋದವರು ನಿದ್ದೆಯ ಆಸೆ ಬಿಟ್ಟಿರಬೇಕು. ನಡುರಾತ್ರಿ ಶಿವಪಾರ್ವತಿಯರು ಕೈಲಾಸದಿಂದ ಇಳಿದು ಅಲ್ಲಿನ ದೇವರು ಮಹಾಲಿಂಗರಾಯನ ಗುಡಿಯ ಶಿಖರಕ್ಕೆ ಮುಂಡಾಸ ಸುತ್ತುತ್ತಾರೆ ಎಂಬುದು ನಂಬಿಕೆ. ಮುಂದೆ ಪಲ್ಲಕ್ಕಿಗಳ ಭೇಟಿ, ಗಾಳಿಯಲ್ಲಿ ಭಂಡಾರದ ಅರಿಸಿನ, ಉಣ್ಣೆ, ಕೊಬ್ಬರಿ. ಊರು ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ ತಾಲೂಕಿನದು. ಆದರೂ ಡೊಳ್ಳಿನ ಸಂಗಡ ಏಳುವ ಪದ ಕನ್ನಡದ್ದೇ.

ಆ ರಾತ್ರಿ ನಾವು ಕಂಬಳಿ ಹಾಸಿ ಕೂತಿದ್ದ ಕಡೆ ಇಬ್ಬರು ಹುಡುಗರು ಮೊಬೈಲಿನ ಕಾರ್ಡಿನಾಟದ ವಿಷಯಕ್ಕೆ ಮಾತಿಗೆ ಮಾತು ಬೆಳೆಸಿದ್ದರು. ಮೇಲಿಂದ ಹಾರಿ ಬಿದ್ದು ಸುತ್ತಲಿದ್ದವರನ್ನೆಲ್ಲ ಚೆದುರಿಸುವ ಯೋಧನ ಕಾರ್ಡು ಅದು. "ಆ ಕಾರ್ಡಿನ ಜೋರ ಕಡಿಮಿ ಮಾಡಬೇಕ್ ನೋಡ, ಇದ ಅನ್ಯಾಯ ಅದ" ಎಂದು ಒಬ್ಬ. "ಅದಕ್ಕ ಉತ್ತರ ಅದ. ನಿನಗ ಗೊತ್ತಿಲ್ಲ ಅಷ್ಟ" ಎಂದು ಇನ್ನೊಬ್ಬ. ಆಟ ಆಡುವವರ ಭಾಷೆಯಲ್ಲಿ ಇದು ಬ್ಯಾಲೆನ್ಸಿನ ಜಗಳ. ಜಗತ್ತಿನ ಎಷ್ಟೋ ಊರುಗಳಲ್ಲಿ ಎಷ್ಟೋ ಮಕ್ಕಳು ಇದನ್ನೇ ಜಗಳಾಡುತ್ತಾರೆ. ನನ್ನ ಮನಸ್ಸು ಮಾತ್ರ ಆ ಎರಡನೆಯವನು ಆಡಿದ "ಉತ್ತರ" ಎಂಬ ಮಾತಿಗೆ ಸಿಕ್ಕಿಕೊಂಡಿತು.

ಏಕೆಂದರೆ ಅದೇ ಹೊತ್ತಿಗೆ ಆಚೆ ಡೊಳ್ಳಿನ ಬಳಿ ಹರದೇಶಿ ನಾಗೇಶಿ ನಡೆದಿತ್ತು. ವಿಜಯಪುರ, ಕಲಬುರಗಿ, ಸೊಲ್ಲಾಪುರದ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹರದೇಶಿಯವರು ಗಂಡು ಹೆಚ್ಚು, ಶಿವ ಹೆಚ್ಚು ಎಂದು ಹಾಡುತ್ತಾರೆ. ನಾಗೇಶಿಯವರು ಹೆಣ್ಣು ಹೆಚ್ಚು, ಶಕ್ತಿ ಹೆಚ್ಚು ಎನ್ನುತ್ತಾರೆ. ಒಂದು ಮ್ಯಾಳ ಸವಾಲು ಎಸೆದರೆ ಇನ್ನೊಂದು ಮ್ಯಾಳ ಪದದಲ್ಲೇ ಜವಾಬು ಕೊಡಬೇಕು. ಎದುರಿನವರ ಪದ ಬಹಳ ಬಿರುಸಾಯಿತು, ಅದನ್ನು ನಿಲ್ಲಿಸಿ ಎಂದು ಯಾರೂ ಕೇಳುವುದಿಲ್ಲ. ಬಿರುಸಾದಷ್ಟೂ ಕೂತ ಜನ ಮುಂದಕ್ಕೆ ಬಾಗುತ್ತಾರೆ. ಜವಾಬು ಸಿಗದ ಹಾಡುಗಾರ ತಡಬಡಿಸಿದಾಗ ನಾಚಿಕೆ ಅವನದು. ಪುರಾಣ ಬಲ್ಲವನಿಗೆ, ಹಿರಿಯರ ಬಾಯಿಂದ ಪದ ಕಲಿತವನಿಗೆ ಜವಾಬು ಎಲ್ಲೋ ಇದ್ದೇ ಇರುತ್ತದೆ ಎಂಬ ಭರವಸೆಯ ಮೇಲೆ ಇಡೀ ರಾತ್ರಿ ನಿಂತಿರುತ್ತದೆ.

2016ರಲ್ಲಿ ಬಂದ ಕ್ಲಾಶ್ ರಾಯಲ್ ಎಂಬ ಆಟದ ಒಳಗುಟ್ಟೂ ಹೀಗೆಯೇ ಇದೆ. ಎಂಟು ಕಾರ್ಡುಗಳ ಕಟ್ಟು, ಕೈಯಲ್ಲಿ ಒಮ್ಮೆಗೆ ನಾಲ್ಕು. ಪ್ರತಿ ಕಾರ್ಡಿಗೂ ಎಲಿಕ್ಸಿರ್ ಎಂಬ ಬೆಲೆ. ಅದು ಹನಿಹನಿಯಾಗಿ ತುಂಬುತ್ತದೆ, ಹತ್ತನ್ನು ಮೀರುವುದಿಲ್ಲ. ಐದು ಎಲಿಕ್ಸಿರ್ ಕೊಟ್ಟು ಇಳಿಸಿದ ಕುದುರೆ ಸವಾರ ರಾಜಕುಮಾರನನ್ನು ಮೂರು ಎಲಿಕ್ಸಿರಿನ ಎಲುಬಿನ ಸೈನ್ಯ ಮುತ್ತಿ ಮುಗಿಸುತ್ತದೆ. ಆ ಸೈನ್ಯದ ಮೇಲೆ ಎರಡೇ ಎಲಿಕ್ಸಿರಿನ ದಿಮ್ಮಿ, ಆಟದವರು ಲಾಗ್ ಅನ್ನುವುದು, ಉರುಳಿಬಿಟ್ಟರೆ ಎಲುಬೂ ಉಳಿಯುವುದಿಲ್ಲ. ಐದನ್ನು ಮೂರು ನುಂಗಿತು, ಮೂರನ್ನು ಎರಡು. ಇಲ್ಲಿ ಯಾವ ಎರಡು ಕಾರ್ಡೂ ಸಮವಲ್ಲ. ಆದರೂ ಆಟ ಸರಿಯಾಗಿದೆ. ಕನ್ನಡದಲ್ಲಿ ಸಮ ಬೇರೆ, ಸರಿ ಬೇರೆ. ಎರಡನ್ನೂ ಕೂಡಿಸಿ ಸರಿಸಮ ಎಂದು ಒಂದೇ ಉಸಿರಲ್ಲಿ ಹೇಳಿ ಹೇಳಿ ನಾವು ಆ ಅಂತರವನ್ನು ಮರೆತಿದ್ದೇವೆ ಅನಿಸುತ್ತದೆ.

ಗಂಜೀಫಾ ಎಂಬ ಹಳೆಯ ಎಲೆಯಾಟ, ಅಂದರೆ ಕಾರ್ಡಿನಾಟ, ಆಡುತ್ತಿದ್ದವರು ಮರೆತಿರಲಿಲ್ಲ. ದಶಾವತಾರದ ಕಟ್ಟಿನಲ್ಲಿ 120 ಎಲೆ. ಹತ್ತು ಅವತಾರ, ಒಂದೊಂದಕ್ಕೆ ರಾಜ, ಮಂತ್ರಿ, ಮತ್ತೆ ಒಂದರಿಂದ ಹತ್ತರ ತನಕ. ಅರ್ಧ ಪಂಗಡಗಳಲ್ಲಿ ಹತ್ತು ದೊಡ್ಡದು, ಒಂದು ಚಿಕ್ಕದು. ಉಳಿದರ್ಧದಲ್ಲಿ ಲೆಕ್ಕ ತಿರುವುಮುರುವು. ಒಂದು ಮಂತ್ರಿಯ ಪಕ್ಕದಲ್ಲಿ ಕೂರುತ್ತದೆ, ಹತ್ತು ಕೊನೆಗೆ ಇಳಿಯುತ್ತದೆ. ಹಗಲು ರಾಮನ ಪಂಗಡದಿಂದ ಆಟ ಶುರು, ರಾತ್ರಿ ಕೃಷ್ಣನ ಪಂಗಡದಿಂದ. ಒಂದು ಅಂಕೆ ಎಲ್ಲ ಕಡೆ, ಎಲ್ಲ ಹೊತ್ತಿನಲ್ಲಿ ದೊಡ್ಡದಾಗಿಯೇ ಇರಬೇಕಿಲ್ಲ ಎಂಬುದನ್ನು ಅಂಗೈಯಗಲದ ಎಲೆಯ ಮೇಲೆ ಬರೆದಿಟ್ಟಿದ್ದರು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಇಂಥ ಆಟಗಳನ್ನು ಬೆಳೆಸಿ ಶ್ರೀತತ್ತ್ವನಿಧಿಯ ಕೌತುಕ ನಿಧಿಯಲ್ಲಿ ಸೇರಿಸಿದರು. ಮಹಾರಾಷ್ಟ್ರದ ಸಾವಂತವಾಡಿಯಲ್ಲಿ ಈ ಎಲೆಗಳನ್ನು ಇಂದಿಗೂ ಬಣ್ಣ ಹಚ್ಚಿ ಮಾಡುತ್ತಾರೆ. ಆ ಆಟದಲ್ಲಿ ಇನ್ನೊಂದು ಗುಣವಿತ್ತು. ಎಲ್ಲರಿಗೂ ಎಲೆ ಹಂಚುತ್ತಿದ್ದುದು ಒಂದೇ ಕಟ್ಟಿನಿಂದ. ಅರಮನೆಯವನು ತನ್ನ ಮನೆಯ ಎಲೆ ತಂದು ನಡುವೆ ಸೇರಿಸುವಂತಿರಲಿಲ್ಲ.

ನನ್ನ ಕಳವಳ ಶುರುವಾಗುವುದು ಈ ಜಾಗದಲ್ಲಿ. ಸಂಗ್ರಹದ ಕಾರ್ಡಿನಾಟದಲ್ಲಿ ಪ್ರತಿಯೊಬ್ಬನೂ ತನ್ನ ಕಟ್ಟನ್ನು ತಾನೇ ತರುತ್ತಾನೆ. ಕ್ಲಾಶ್ ರಾಯಲ್ಲಿನ ಕಾರ್ಡುಗಳಿಗೆ ಲೆವೆಲ್ ಇದೆ. ಅದು ಕಾಲ ಹೋದಂತೆ ಏರುತ್ತದೆ, ದುಡ್ಡು ಹಾಕಿದರೆ ಬೇಗ ಏರುತ್ತದೆ. ದೂರ ನಿಂತು ಬಾಣ ಬಿಡುವ ಪ್ರಿನ್ಸೆಸ್ ಎಂಬ ಕಾರ್ಡಿನ ಮೇಲೆ ಅದೇ ಲೆವೆಲ್ಲಿನ ಲಾಗ್ ಉರುಳಿದರೆ ಅವಳು ಉಳಿಯುವುದಿಲ್ಲ. ಅವಳ ಲೆವೆಲ್ ಕೆಲವು ಮೆಟ್ಟಿಲು ಮೇಲಿರಲಿ, ಅದೇ ದಿಮ್ಮಿ, ಅದೇ ಗುರಿ, ಅದೇ ಕ್ಷಣ, ಆದರೂ ಅವಳು ಜೀವ ಹಿಡಿದು ನಿಂತೇ ಇರುತ್ತಾಳೆ. ದಿಮ್ಮಿ ಉರುಳಿಸಿದ ಹುಡುಗ ಉತ್ತರ ಬಲ್ಲ. ಸರಿಯಾದ ಹೊತ್ತಿಗೆ ಕೊಟ್ಟಿದ್ದಾನೆ ಕೂಡ. ಅವನ ಉತ್ತರ ಮಾತ್ರ ಚಲಾವಣೆಯಾಗಲಿಲ್ಲ. ಹರದೇಶಿಯವನ ಜವಾಬಿಗೆ ಇಂಥದ್ದೊಂದು ಗತಿ ಬಂದರೆ ಆ ರಾತ್ರಿಯ ಹಾಡು ಅಲ್ಲಿಗೇ ಮುಗಿಯುತ್ತದೆ. ಪಂದ್ಯಾವಳಿಗಳಲ್ಲಿ ಲೆವೆಲ್ಲಿಗೆ ಒಂದು ಮಿತಿ ಕಟ್ಟಿ ಆಡಿಸುವ ಪದ್ಧತಿ ಇದೆ; ನಮ್ಮ ಜಾತ್ರೆಯ ಕುಸ್ತಿಯಲ್ಲಿ ಹಿರಿಯರು ಪೈಲ್ವಾನರ ಮೈಕಟ್ಟು ನೋಡಿ ಜೋಡಿ ಹಚ್ಚುವುದೂ ಇದಕ್ಕಾಗಿಯೇ.

ಹಾಗಾದರೆ ಜೋರಿನ ಕಾರ್ಡನ್ನು ಕುಗ್ಗಿಸುವುದೇ ನ್ಯಾಯವೆ? 2014ರಲ್ಲಿ ಬಂದ ಹಾರ್ತ್‌ಸ್ಟೋನ್ ಆಟದಲ್ಲಿ ಅಂಡರ್‌ಟೇಕರ್ ಎಂಬ ಅಗ್ಗದ ಕಾರ್ಡೊಂದು ಮೊದಲ ಸರದಿಯಲ್ಲೇ ಇಳಿದು, ಸಾಯುವಾಗ ಏನಾದರೊಂದು ಪರಿಣಾಮ ಬೀರುವ ಜೊತೆಯವರು ಬಂದಂತೆಲ್ಲ ಬಲದಲ್ಲೂ ಆಯುಸ್ಸಿನಲ್ಲೂ ಬೆಳೆಯುತ್ತಿತ್ತು. 2015ರ ಜನವರಿಯಲ್ಲಿ ಅದರ ಆಯುಸ್ಸು ಬೆಳೆಯುವುದನ್ನು ತೆಗೆದರು, ಬಲ ಮಾತ್ರ ಉಳಿಯಿತು. ಆಟ ಉಸಿರಾಡಿತು ನಿಜ. ಆದರೆ ಆ ಕಾರ್ಡನ್ನು ನಂಬಿ ತಿಂಗಳುಗಟ್ಟಲೆ ಕಟ್ಟು ಕಟ್ಟಿದವನಿಗೆ? ಕಾರ್ಡನ್ನು ಪುಡಿಗಟ್ಟಿದರೆ ಪೂರ್ಣ ಬೆಲೆ ವಾಪಸು ಎಂಬ ಏರ್ಪಾಡು ಆ ಆಟದಲ್ಲಿ ಇಂಥ ಬದಲಾವಣೆಯ ಜೊತೆ ಬರುತ್ತದೆ. ಅದು ಒಳ್ಳೆಯದೇ. ಕಲಿತ ಕೈಯ ಅಭ್ಯಾಸಕ್ಕೆ ಮಾತ್ರ ಬೆಲೆ ಕಟ್ಟಿ ವಾಪಸು ಕೊಡಲಾಗುವುದಿಲ್ಲ. ಒಬ್ಬನಿಗೆ ನ್ಯಾಯ ಸಿಗುವಾಗ ಇನ್ನೊಬ್ಬನ ಶ್ರಮ ಹೀಗೆ ಸದ್ದಿಲ್ಲದೆ ಕರಗುತ್ತದೆ ಎಂಬುದು ನನಗೆ ಇನ್ನೂ ಬಗೆಹರಿಯದ ಸಂಕಟ. ಕುಗ್ಗಿಸುವ ಮುನ್ನ ಉತ್ತರಗಳನ್ನು ಬೆಳೆಸಬೇಕು, ಆ ಉತ್ತರ ಸೋತವನ ಕೈಗೆ ಎಟಕುವಂತಿರಬೇಕು ಎಂದಷ್ಟೇ ಸದ್ಯಕ್ಕೆ ಹೇಳಬಲ್ಲೆ.

ಬೆಳಗಿನ ಜಾವ ಚಳಿ ಬಿತ್ತು. ನಾಗೇಶಿಯವರ ಸರದಿ. ಹುಡುಗರ ಜಗಳ ಇನ್ನೂ ಮುಗಿದಿರಲಿಲ್ಲ. ಅನ್ಯಾಯ ಅನ್ನುತ್ತಿದ್ದವನು ತಟ್ಟನೆ ತನ್ನ ಫೋನು ಚಾಚಿದ.

"ನಂದ ತಗೋ. ನಿಂದ ಕೊಡ. ಆ ಕಾರ್ಡ್ ಹಿಡಕೊಂಡ ನಾ ಆಡತೀನಿ, ನೀ ಉತ್ತರ ಕೊಡ."

ಇನ್ನೊಬ್ಬ ಒಂದು ಗಳಿಗೆ ಸುಮ್ಮನಿದ್ದು, ಭಂಡಾರ ಮೆತ್ತಿದ ಬೆರಳನ್ನು ಅಂಗಿಗೆ ಒರೆಸಿಕೊಂಡು ಫೋನು ಕೊಟ್ಟ. ಎರಡೂ ಪರದೆಗಳ ಮೇಲೆ ಹಳದಿ ಬೆರಳಚ್ಚು ಉಳಿದೇ ಇತ್ತು. ಇಬ್ಬರೂ ಕಂಬಳಿಯ ಮೇಲೆ ಎದುರುಬದುರು ಕೂತರು.